ಮಣ್ಣು ಕೊಟ್ಟ ಊರು: ಮಂಗಳೂರು, ಉಡುಪಿಯ ಹಳೆಯ ಸಮಾಧಿಗಳ ನಡುವೆ

ನವೆಂಬರ್ 1, ಶನಿವಾರ: ಬಲ್ಮಠ

ರಾಜ್ಯೋತ್ಸವದ ಬೆಳಿಗ್ಗೆ. ಕೆಂಪು ಹಳದಿ ಶಾಲು ಹೊದ್ದ ಶಾಲಾ ಮಕ್ಕಳು ನೆಹರೂ ಮೈದಾನದ ಕಡೆಗೆ ಹೊರಟಿದ್ದರು. ನಾನು ಮತ್ತು ಗೆಳೆಯ ಹಂಪನಕಟ್ಟೆಯಿಂದ ಬಲ್ಮಠದ ಏರು ಹತ್ತಿದೆವು. ಕನ್ನಡದ ಮೊದಲ ಪತ್ರಿಕೆ ಹೊರಟದ್ದು ಈ ಊರಿನಿಂದ. ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆಯ ತಾರೀಕು 1843ರ ಜುಲೈ 1. ಸುಮಾರು 70,000 ಪದಗಳ ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿನ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಪ್ರೊಟೆಸ್ಟಂಟ್ ಧರ್ಮಪ್ರಸಾರ ಸಂಸ್ಥೆ) ಪ್ರೆಸ್ಸಿನಲ್ಲೇ. ಈ ಇಬ್ಬರ ಹೆಸರನ್ನು ಇವತ್ತು ಎಷ್ಟೋ ವೇದಿಕೆಗಳಲ್ಲಿ ನೆನೆಯುತ್ತಾರೆ. ಆದರೆ ಇಬ್ಬರೂ ಕಣ್ಣು ಮುಚ್ಚಿದ್ದು ಜರ್ಮನಿಯಲ್ಲಿ, ಮೋಗ್ಲಿಂಗ್ 1881ರಲ್ಲಿ, ಕಿಟೆಲ್ 1903ರಲ್ಲಿ. ಅವರ ಹಿಂದುಮುಂದೆ ಹಡಗು ಹತ್ತಿ ಬಂದು, ಮರಳಿ ಹೋಗಲಾಗದೆ ಇಲ್ಲೇ ಮಣ್ಣಾದವರ ಹೆಸರು ಯಾವ ವೇದಿಕೆಯಲ್ಲೂ ಕೇಳಿಬರುವುದಿಲ್ಲ. ಅವರಿಂದ ಶುರು ಮಾಡಬೇಕೆಂದು ನಾನು ಹಟ ಹಿಡಿದಿದ್ದೆ.

ಬಲ್ಮಠದಲ್ಲಿ ಮಿಶನ್ ಕಟ್ಟಿದ ಶಾಂತಿ ಕೆಥೆಡ್ರಲ್ 1862ರದ್ದು. ಕಾವಲಿನವರ ಅನುಮತಿ ಕೇಳಿ ಹಳೆಯ ಸಮಾಧಿಗಳ ಬಳಿ ಹೋದೆವು. ಮಳೆಗಾಲ ಮುಗಿದರೂ ಹಾವಸೆ ಒಣಗಿರಲಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಕಲ್ಲಿನ ಮೇಲಿನ ಅಕ್ಷರ ಉಳಿಯುವುದೇ ಹೆಚ್ಚು. ಮುರಕಲ್ಲಿನ ಕಟ್ಟೆ, ಮೇಲೆ ಸುಣ್ಣದ ಗಾರೆ, ತಲೆಯ ಕಡೆ ಒಂದು ಚಪ್ಪಡಿ. ಗಾರೆ ಎದ್ದ ಕಡೆಯಲ್ಲೆಲ್ಲ ಮುರಕಲ್ಲು ತೂತು ತೂತಾಗಿ ಕಾಣುತ್ತದೆ. ಬೆಳಿಗ್ಗೆ ಎಂಟೂವರೆಯ ಓರೆ ಬಿಸಿಲಿನಲ್ಲಿ ಅಕ್ಷರಗಳ ಅಂಚು ಸ್ವಲ್ಪ ಎದ್ದು ಕಂಡಿತು. ಮಧ್ಯಾಹ್ನ ಬಂದಿದ್ದರೆ ಬರೀ ಬೋಳು ಕಲ್ಲು. ಓದುವ ಆಸೆಗೆ ಸೀಮೆಸುಣ್ಣ ಉಜ್ಜುವವರಿದ್ದಾರೆ, ತಂತಿಯ ಬ್ರಷ್ಷಿನಿಂದ ತಿಕ್ಕುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಒದ್ದೆ ಬಟ್ಟೆಯಿಂದ ಮೆಲ್ಲನೆ ಒರಸಿ, ಪಕ್ಕದಿಂದ ಬೆಳಕು ಬೀಳುವ ಹೊತ್ತಿಗೆ ಫೋಟೊ ತೆಗೆದರೆ ಸಾಕು.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಗಿಡ್ಡ ಸಮಾಧಿಗಳು, ಅಂದರೆ ಮಕ್ಕಳವು. ಅವನ್ನು ಅರ್ಥ ಮಾಡಿಕೊಳ್ಳಲು ಮಿಶನ್ನಿನ ಕಟ್ಟಳೆ ಗೊತ್ತಿರಬೇಕು. ಸಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದಾಗ ಮೂವರೂ ಅವಿವಾಹಿತರು. ಮಿಶನರಿಯಾಗಿ ಹೊರಟವನು ಕೆಲವು ವರ್ಷ ದುಡಿದ ಮೇಲಷ್ಟೆ ಮದುವೆಗೆ ಅಪ್ಪಣೆ ಕೇಳಬಹುದಿತ್ತು. ಬಾಸೆಲ್ಲಿನ ಸಮಿತಿ ಒಪ್ಪಿದ ಹೆಣ್ಣು, ಎಷ್ಟೋ ಸಲ ಗಂಡನ ಮುಖವನ್ನೇ ಕಾಣದವಳು, ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು ಈ ಕರಾವಳಿಯಲ್ಲಿ ಇಳಿಯುತ್ತಿದ್ದಳು. ಹುಟ್ಟಿದ ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ ಅವರನ್ನು ಯುರೋಪಿಗೆ ಕಳಿಸಿಬಿಡಬೇಕು. ಅದಕ್ಕಾಗಿ ಬಾಸೆಲ್ಲಿನಲ್ಲಿ ಮಕ್ಕಳ ಮನೆಯೊಂದನ್ನು ತೆರೆದಿದ್ದರು. ಹಾಗೆ ಹೋದ ಮಗುವನ್ನು ತಾಯಿ ಮತ್ತೆ ನೋಡಿದರೆ ಹತ್ತು ವರ್ಷದ ಮೇಲೆ. ಇಲ್ಲೇ ಉಳಿದವು ಜ್ವರಕ್ಕೋ ಭೇದಿಗೋ ತುತ್ತಾದ ಕೂಸುಗಳು ಮಾತ್ರ. ಒಂದು ಪುಟ್ಟ ಕಲ್ಲಿನ ಮುಂದೆ ಗೆಳೆಯ ಕುಕ್ಕರುಗಾಲಲ್ಲಿ ಕುಳಿತ. ಅವನಿಗೆ ಎರಡು ವರ್ಷದ ಮಗಳಿದ್ದಾಳೆ. ನಾವಿಬ್ಬರೂ ಏನೂ ಮಾತಾಡಲಿಲ್ಲ.

1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಶತ್ರುದೇಶದವರೆಂದು ಬಂಧಿಸಿತು. ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿಯ ಜೇಡಿಯಿಂದ ಶುರು ಮಾಡಿದ ಹಂಚಿನ ಉದ್ಯಮವೂ ನೇಯ್ಗೆಯ ಕಾರ್ಖಾನೆಗಳೂ ಬೇರೆಯವರ ಕೈಗೆ ಹೋದವು. ಅಲ್ಲಿಗೆ ಜರ್ಮನ್ ಹೆಸರುಗಳ ಕಾಲ ಮುಗಿಯಿತು. ಆಮೇಲಿನ ಕಲ್ಲುಗಳಲ್ಲಿ ಇರುವುದು ನಮ್ಮೂರಿನ ಹೆಸರುಗಳೇ, ನಮ್ಮದೇ ಲಿಪಿಯಲ್ಲಿ.

ಈ ನಮ್ಮೂರಿನ ಹೆಸರುಗಳ ಕಥೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಮತಾಂತರವಾದವನನ್ನು ಮನೆ, ಜಾತಿ, ಭೂಮಿ ಎಲ್ಲವೂ ಹೊರಗಿಡುತ್ತಿದ್ದವು. 1844ರಲ್ಲಿ ಆನಂದರಾವ್ ಕೌಂಡಿನ್ಯ ಮತ್ತು ಇಬ್ಬರು ಸಾರಸ್ವತ ಯುವಕರು ದೀಕ್ಷೆ ಪಡೆದಾಗ ಇಡೀ ಮಂಗಳೂರು ಕೆರಳಿತ್ತು. ಬದುಕಿದ್ದಾಗ ಮನೆಯಿಲ್ಲದವನಿಗೆ ಸತ್ತಾಗ ಮಸಣವೂ ಇಲ್ಲ. ಹಾಗಾಗಿ ಬಲ್ಮಠ, ಜೆಪ್ಪು, ಬೊಕ್ಕಪಟ್ಣ ಎಲ್ಲೆಡೆಯೂ ಇಗರ್ಜಿ (ಚರ್ಚು), ಶಾಲೆ, ಕಾರ್ಖಾನೆಯ ಜೊತೆಗೆ ಹೂಳುವುದಕ್ಕೂ ಜಾಗ ಬೇಕಾಯಿತು. ಒಂದು ಊರು ಯಾರನ್ನು ತನ್ನವರೆಂದು ಒಪ್ಪಿತು, ಯಾರನ್ನು ಒಪ್ಪಲು ತಡಮಾಡಿತು ಎಂಬುದಕ್ಕೆ ಮಸಣದಷ್ಟು ನೇರವಾದ ದಾಖಲೆ ಇಲ್ಲವೆಂದು ನಾನು ನಂಬಿದ್ದೇನೆ. ಮುಂದೆ ಎಲ್ಲಿ ಹೋದರೂ ನನ್ನ ಪ್ರಶ್ನೆ ಒಂದೇ ಆಗಿತ್ತು: ಈ ಜಾಗ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ?

ಮಧ್ಯಾಹ್ನ ಮೈದಾನದ ಪಕ್ಕದ ಸೈಂಟ್ ಪಾಲ್ಸ್ ಇಗರ್ಜಿಯ ಕಡೆ ಒಂದು ಸುತ್ತು ಹಾಕಿದೆವು. ಕಂಪೆನಿ ಸರಕಾರದ ಸಿಪಾಯಿಗಳಿಗೂ ಅಧಿಕಾರಿಗಳಿಗೂ ಕಟ್ಟಿದ್ದು ಅದು. ಬಂಗಾಳದಲ್ಲಿ ಕಂಪೆನಿಯ ಸೇನೆ ನಡೆಸಿ, 1761ರಲ್ಲಿ ಮೊಗಲ್ ಬಾದಶಹ ಎರಡನೆಯ ಶಾ ಆಲಮನನ್ನು ಸೋಲಿಸಿದ ಜಾನ್ ಕಾರ್ನಾಕ್ ಕೊನೆಯುಸಿರೆಳೆದದ್ದು ಮಂಗಳೂರಿನಲ್ಲಿ. ಮರಾಠರ ಜೊತೆಗಿನ 1779ರ ವಡಗಾಂವ್ ಒಪ್ಪಂದದ ಅವಮಾನದಿಂದಾಗಿ ಕಂಪೆನಿ ಅವನನ್ನು ಕೆಲಸದಿಂದ ತೆಗೆದಿತ್ತು. ದೊಡ್ಡ ಸಾಮ್ರಾಜ್ಯದ ಇಂಥ ಬಿಡಿ ಎಳೆಗಳು ನಮ್ಮ ಊರಿಗೆ ಬಂದು ಮುಗಿದಿವೆ. ನಿಜ ಹೇಳಬೇಕೆಂದರೆ ಬೆಳಗಿನ ಆ ಪುಟ್ಟ ಕಲ್ಲುಗಳ ನಂತರ ಸೇನಾಪತಿಯಲ್ಲಿ ನನಗೆ ಮನಸ್ಸು ನಿಲ್ಲಲಿಲ್ಲ.

ನವೆಂಬರ್ 2, ಭಾನುವಾರ: ಮಿಲಾಗ್ರಿಸ್, ನಂದಿಗುಡ್ಡೆ, ಕೂಳೂರು

ಕೆಥೊಲಿಕರಿಗೆ ಇವತ್ತು ಸತ್ತವರ ಸ್ಮರಣೆಯ ದಿನ. ಹಂಪನಕಟ್ಟೆಯ ಹೂವಿನ ಅಂಗಡಿಗಳ ಮುಂದೆ ಸೇವಂತಿಗೆಯ ರಾಶಿ. ಮಿಲಾಗ್ರಿಸ್ ಇಗರ್ಜಿಯ ಸಿಮಿತಿಗೆ, ಅಂದರೆ ಸ್ಮಶಾನಕ್ಕೆ, ಕಾಲಿಟ್ಟಾಗ ಎಷ್ಟೋ ಕುಟುಂಬಗಳು ಆಗಲೇ ಬಂದಿದ್ದವು. ಒಬ್ಬರು ಕಲ್ಲು ತೊಳೆಯುತ್ತಿದ್ದರೆ ಇನ್ನೊಬ್ಬರು ಮೇಣದ ಬತ್ತಿಗೆ ಗಾಳಿ ತಾಗದ ಹಾಗೆ ಕೈ ಅಡ್ಡ ಹಿಡಿದಿದ್ದರು. ಮಕ್ಕಳು ಹೂವಿನ ಎಸಳು ಕಿತ್ತು ಶಿಲುಬೆಯ ಆಕಾರಕ್ಕೆ ಜೋಡಿಸುತ್ತಿದ್ದರು. ಲ್ಯಾಟಿನ್, ಪೋರ್ಚುಗೀಸ್, ಇಂಗ್ಲಿಷ್ ಕಲ್ಲುಗಳ ನಡುವೆ ಕನ್ನಡ ಲಿಪಿಯ ಕೊಂಕಣಿ ಓದಿಕೊಂಡು ನಡೆಯುವುದೇ ಒಂದು ಸಂತೋಷ.

ಒಬ್ಬ ಹಿರಿಯರು ತಮ್ಮ ಮನೆಯ ‘ಫೊಂಡ್’ ತೋರಿಸಿದರು. ಒಂದೇ ಗುಂಡಿಯಲ್ಲಿ ನಾಲ್ಕು ತಲೆಮಾರು. ಹಳೆಯ ಮೂಳೆಗಳನ್ನು ಒಂದು ಬದಿಗೆ ಸರಿಸಿ ಹೊಸಬರಿಗೆ ಜಾಗ ಮಾಡುತ್ತಾರೆ. ನಗರದ ನಟ್ಟನಡುವೆ ನೆಲ ಇಷ್ಟೇ ಇರುವಾಗ ಸ್ವಂತ ಗುಂಡಿ ಎಲ್ಲರಿಗೂ ಸಿಗುವುದಿಲ್ಲ. ಮಿಕ್ಕವರಿಗೆ ಕೆಲವು ವರ್ಷದ ಲೆಕ್ಕದ ಜಾಗ, ಆಮೇಲೆ ಅದು ಬೇರೊಬ್ಬರಿಗೆ. “ನಾನೂ ಇಲ್ಲಿಗೇ, ಅಮ್ಮನ ಪಕ್ಕಕ್ಕೆ” ಎಂದು ಅವರು ಬಹಳ ನೆಮ್ಮದಿಯಿಂದ ಹೇಳಿದರು.

ಇಲ್ಲಿನ ಅತ್ಯಂತ ಹಳೆಯ ಹೆಸರು ಬಿಷಪ್ ತೋಮಸ್ ದೆ ಕಾಸ್ತ್ರೊ ಅವರದು. ಈ ಇಗರ್ಜಿಯನ್ನು 1680ರಲ್ಲಿ, ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ ಕಟ್ಟಿಸಿದವರು ಅವರೇ. ತೀರಿಕೊಂಡದ್ದು 1684ರಲ್ಲಿ. ಅವರ ಹಿಂದಿನ ಕಥೆ ಗೊತ್ತಿದ್ದರೆ ಈ ಸಮಾಧಿಯ ಮುಂದೆ ಬೇಗ ಹೊರಡಲಾಗುವುದಿಲ್ಲ. ಅವರ ಸಂಬಂಧಿ ಮತೇವುಸ್ ದೆ ಕಾಸ್ತ್ರೊ ಗೋವಾದ ಬ್ರಾಹ್ಮಣ ಮೂಲದ ಕ್ರೈಸ್ತ. ಅಲ್ಲಿನ ಪೋರ್ಚುಗೀಸ್ ಆರ್ಚ್‌ಬಿಷಪ್ ಗುರುದೀಕ್ಷೆ ನಿರಾಕರಿಸಿದ್ದರಿಂದ ರೋಮಿಗೇ ಹೋಗಿ ದೀಕ್ಷೆ ಪಡೆದು, 1637ರಲ್ಲಿ ಬಿಷಪ್ ಆದವರು. ತೋಮಸರನ್ನೂ ಈ ಕಡೆಗೆ ಕಳಿಸಿದ್ದು ರೋಮಿನ ಧರ್ಮಪ್ರಸಾರ ಸಭೆ. ಪೂರ್ವದೇಶಗಳ ಇಗರ್ಜಿಗಳೆಲ್ಲ ತನ್ನ ಹಕ್ಕು ಎನ್ನುತ್ತಿದ್ದ ಪೋರ್ಚುಗಲ್ಲಿಗೆ ಅದು ಹಿಡಿಸಲಿಲ್ಲ. ಗೋವಾ ದೊಡ್ಡದೋ ರೋಮ್ ದೊಡ್ಡದೋ ಎಂಬ ಈ ಜಗಳ ಇನ್ನೂರು ವರ್ಷ ಆರಲಿಲ್ಲ. ಅದರ ಇನ್ನೊಂದು ತುದಿಯನ್ನು ನಾವು ನಾಳೆ ಬ್ರಹ್ಮಾವರದಲ್ಲಿ ನೋಡುವವರಿದ್ದೆವು.

ಆದರೆ ಇಲ್ಲಿ ಕಾಣಿಸದ ಸಮಾಧಿಗಳ ನೆನಪೂ ಬರುತ್ತದೆ. 1784ರ ಫೆಬ್ರವರಿ, ಬೂದಿ ಬುಧವಾರ. ಆಂಗ್ಲ-ಮೈಸೂರು ಯುದ್ಧದಲ್ಲಿ ಬ್ರಿಟಿಷರಿಗೆ ನೆರವಾದರೆಂಬ ಆರೋಪ ಹೊರಿಸಿ ಟಿಪ್ಪು ಸುಲ್ತಾನ ಕರಾವಳಿಯ ಕೆಥೊಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಅವರ ಸಂಖ್ಯೆ ಒಂದು ಲೆಕ್ಕದಲ್ಲಿ 60,000, ಇನ್ನೊಂದರಲ್ಲಿ 30,000. ಮಿಲಾಗ್ರಿಸ್ ಸೇರಿ ಇಗರ್ಜಿಗಳು ನೆಲಸಮವಾದವು. ಘಟ್ಟ ಹತ್ತುವಾಗ ದಾರಿಯಲ್ಲಿ ಬಿದ್ದವರನ್ನು ಯಾರು ಹೂಳಿದರು? ಅವರಿಗೆ ಶಿಲುಬೆ ಇಲ್ಲ, ತಾರೀಕೂ ಇಲ್ಲ. 1799ರ ನಂತರ ಬದುಕಿ ಮರಳಿದವರು ಮತ್ತೆ ಕಟ್ಟಿದರು. ಈಗ ಕಾಣುವ ಕಟ್ಟಡ 1911ರದ್ದು. ಅದೇ ಟಿಪ್ಪು ಇದೇ ಊರಿನ ಬಂದರಿನ ಹಳೆಯ ಮಸೀದಿಯನ್ನು ಜೀರ್ಣೋದ್ಧಾರ ಮಾಡಿಸಿದ, ಅದು ಅವನ ಮಗಳು ಜೀನತ್ ಬಕ್ಷಳ ಹೆಸರಿನಲ್ಲೇ ಇದೆ. ಎರಡೂ ನಡೆದದ್ದು, ಎರಡೂ ನಮ್ಮ ಊರಿನದೇ ಕಥೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಊಟಕ್ಕೆ ಮೊದಲು ನಂದಿಗುಡ್ಡೆಯ ರುದ್ರಭೂಮಿ. ಇಲ್ಲಿ ಹೂಳುವವರೂ ಇದ್ದಾರೆ, ಸುಡುವವರೂ ಇದ್ದಾರೆ. ತುಳುನಾಡಿನಲ್ಲಿ ಭೂಮಿ ಇದ್ದ ಮನೆಗಳಿಗೆ ಸಾರ್ವಜನಿಕ ಮಸಣ ಬೇಕಿರಲಿಲ್ಲ. ಮನೆಯ ಗದ್ದೆಯ ಬದಿಯಲ್ಲೇ ಮಾವಿನ ಮರ ಕಡಿದು ಚಿತೆ ಮಾಡಿ, ಬೂದಿಯ ಮೇಲೆ ದೂಪೆ (ಮಣ್ಣಿನ ದಿಬ್ಬ) ಕಟ್ಟಿ, ಬೊಜ್ಜ (ಉತ್ತರಕ್ರಿಯೆ) ಮುಗಿಸುತ್ತಿದ್ದರು. ಬೇರೆಯವರ ಭೂಮಿಯಲ್ಲಿ ಒಕ್ಕಲಿದ್ದವನು ತನ್ನ ತಂದೆಯನ್ನು ಸುಡಲು ಧಣಿಯನ್ನು ಕೇಳಬೇಕಿತ್ತು. 1974ರ ಭೂಸುಧಾರಣೆಯಿಂದ ಉಳುವವನಿಗೆ ಗದ್ದೆ ಬಂತೆಂದು ನಾವು ಹೇಳುತ್ತೇವೆ. ಹೆತ್ತವರನ್ನು ಸುಡಲು ತನ್ನದೆನ್ನುವ ಮೂಲೆಯೂ ಅದೇ ಹೊತ್ತಿಗೆ ಬಂತು ಎಂಬುದನ್ನು ಯಾರೂ ಹೇಳಿದ್ದು ಕೇಳಿಲ್ಲ. ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದವರು, ಬಂದರಿನ ಕೂಲಿಗಳು, ಹಂಚಿನ ಕಾರ್ಖಾನೆಯ ಆಳುಗಳು, ವಾರಸುದಾರರಿಲ್ಲದ ಶವಗಳು, ಇವರಿಗೆಲ್ಲ ಊರಿನ ಹೆಸರಿನಲ್ಲಿರುವ ಇಂಥ ಜಾಗವೇ ಗತಿ. ಒಂದು ಚಿತೆಗೆ ಮುನ್ನೂರು ಕಿಲೊಗೂ ಹೆಚ್ಚು ಸೌದೆ ಬೇಕು. ಅದನ್ನು ಹೊತ್ತು, ಒಟ್ಟಿ, ರಾತ್ರಿಯಿಡೀ ಕಾಯುವವರೂ ಈ ಜಾಗದ ಚರಿತ್ರೆಯ ಜನರೇ. ಅವರ ಹೆಸರು ಬರೆದ ಕಲ್ಲು ಮಾತ್ರ ಎಲ್ಲೂ ಕಾಣಲಿಲ್ಲ.

ಅಲ್ಲಿ ಕುಳಿತಿದ್ದಾಗ 2020ರ ಏಪ್ರಿಲ್ ನೆನಪಾಯಿತು. ಕೊರೊನಾದಿಂದ ತೀರಿಕೊಂಡ ಹಿರಿಯ ಮಹಿಳೆಯೊಬ್ಬರ ದೇಹ ಸುಡಲು ನಗರದಲ್ಲಿ ಜನ ಬಿಡಲಿಲ್ಲ. ಕೊನೆಗೆ ರಾತ್ರಿಯಲ್ಲಿ ಬಂಟ್ವಾಳದ ಕಡೆ ಒಯ್ಯಬೇಕಾಯಿತು. ಭಯ ಇತ್ತು, ಒಪ್ಪುತ್ತೇನೆ. ಆದರೂ ಆ ರಾತ್ರಿ ನಮ್ಮ ಊರು ಸೋತಿತು. ಆಮೇಲೆ ಬೋಳೂರಿನ ಚಿತಾಗಾರದಲ್ಲಿ ಹಗಲು ರಾತ್ರಿ ದುಡಿದವರು, ತಮ್ಮ ಜಾತಿ ಮತ ಯಾವುದೆಂದು ನೋಡದೆ ಹೆಣ ಹೊತ್ತ ಯುವಕರು, ಆ ಸೋಲನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿಕೊಟ್ಟರು.

ಸಂಜೆ ಕೂಳೂರು. ಫಲ್ಗುಣಿಯ ದಡ, ತಣ್ಣೀರುಬಾವಿ ರಸ್ತೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ವಿಮಾನದಲ್ಲಿ 166 ಮಂದಿ, ಸತ್ತವರು 158, ಬದುಕಿದವರು 8. ಕರಾವಳಿಯಲ್ಲಿ, ಕಾಸರಗೋಡಿನಲ್ಲಿ, ಗಲ್ಫಿಗೆ ಹೋಗಿ ದುಡಿಯುವವರ ಎಷ್ಟು ಮನೆಗಳು! ಮದುವೆಗೆ ಬರುತ್ತಿದ್ದವರು, ಸಾವಿಗೆ ಬರುತ್ತಿದ್ದವರು, ರಜೆಗೆ ಬರುತ್ತಿದ್ದ ಮಕ್ಕಳು. ಸುಟ್ಟು ಕರಕಲಾದ ದೇಹಗಳ ಗುರುತಿಗೆ ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆ ಮಾಡಿಸಿದ ಮೇಲೂ 12 ದೇಹಗಳು ಯಾರದೆಂದು ತಿಳಿಯಲಿಲ್ಲ. ಆ 12 ದೇಹಗಳನ್ನು ಇಲ್ಲಿ ಹೂಳಿದರು.

ಇಡೀ ಪ್ರಯಾಣದಲ್ಲಿ ನಾನು ಇಲ್ಲಿ ನಿಂತಷ್ಟು ಹೊತ್ತು ಬೇರೆಲ್ಲೂ ನಿಲ್ಲಲಿಲ್ಲ. ನಮ್ಮಲ್ಲಿ ಸತ್ತ ಮೇಲೂ ಹಿಂದೂ ಬೇರೆ, ಬ್ಯಾರಿ ಮುಸ್ಲಿಮ ಬೇರೆ, ಕೆಥೊಲಿಕ ಬೇರೆ, ಪ್ರೊಟೆಸ್ಟಂಟ್ ಬೇರೆ. ಒಂದೇ ರುದ್ರಭೂಮಿಯೊಳಗೂ ಜಾತಿಗೊಂದು ಬೇಲಿ. ಈ ಹನ್ನೆರಡು ಜನ ಯಾವ ಬೇಲಿಯೊಳಗಿನವರೆಂದು ಹೇಳಲು ಯಾರಿಗೂ ಆಗಲಿಲ್ಲ. ಹಾಗಾಗಿ ಊರು ಅವರೆಲ್ಲರನ್ನೂ ಒಟ್ಟಿಗೆ ಇರಿಸಿತು. ಪ್ರತಿ ವರ್ಷ ಮೇ 22ರಂದು ಜಿಲ್ಲಾಡಳಿತದವರೂ ಬಂಧುಗಳೂ ಇಲ್ಲಿ ಹೂವಿಡುತ್ತಾರೆ. ಗುರುತು ಸಿಗದ ಮಗನ ತಾಯಿ ಯಾವ ಗುಂಡಿಯ ಮುಂದೆ ನಿಲ್ಲಬೇಕು? ಹನ್ನೆರಡರ ಮುಂದೆಯೂ ನಿಲ್ಲುತ್ತಾಳೆ.

ನವೆಂಬರ್ 3, ಸೋಮವಾರ: ಉಡುಪಿ, ಬ್ರಹ್ಮಾವರ, ಬಾರ್ಕೂರು

ಬೆಳಗಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಉಡುಪಿ. ರಥಬೀದಿಯಲ್ಲಿ ತಿಂಡಿ ಮುಗಿಸಿ ಕೃಷ್ಣಮಠದ ಹಿಂಬದಿಯ ಬೃಂದಾವನಗಳ ಬಳಿ ಹೋದೆವು. ಸನ್ಯಾಸಿಗೆ ಚಿತೆಯಿಲ್ಲ. ಉಪ್ಪು, ಕರ್ಪೂರ ಹಾಕಿ ಕುಳಿತ ಭಂಗಿಯಲ್ಲೇ ಇರಿಸಿ ಮೇಲೆ ತುಳಸಿಯ ಬೃಂದಾವನ ಕಟ್ಟುತ್ತಾರೆ. ಅಷ್ಟಮಠಗಳ ಎಷ್ಟೋ ಯತಿಗಳು ಇಲ್ಲಿ ಸಾಲಾಗಿ ಇದ್ದಾರೆ. ಎಲ್ಲರ ಮೂಲಗುರು ಮಧ್ವಾಚಾರ್ಯರ ಬೃಂದಾವನ ಮಾತ್ರ ಎಲ್ಲೂ ಇಲ್ಲ. ಅನಂತೇಶ್ವರದಲ್ಲಿ ಪಾಠ ಹೇಳುತ್ತಿದ್ದಾಗಲೇ ಅದೃಶ್ಯರಾದರೆಂದು ಸಂಪ್ರದಾಯದ ನಂಬಿಕೆ. ಬೀಡಿನಗುಡ್ಡೆಯ ರುದ್ರಭೂಮಿಯನ್ನು ಬಸ್ಸಿನ ಅವಸರದಲ್ಲಿ ಹೊರಗಿನಿಂದಷ್ಟೆ ನೋಡಿದೆವು.

ಬ್ರಹ್ಮಾವರದ ಸೈಂಟ್ ಮೇರಿ ಓರ್ಥೊಡಾಕ್ಸ್ ಸಿರಿಯನ್ ಕೆಥೆಡ್ರಲ್. ಕೊಂಕಣಿ ಮನೆಮಾತಿನ ಓರ್ಥೊಡಾಕ್ಸ್ ಕ್ರೈಸ್ತರು ಇರುವುದು ಈ ಸುತ್ತಿನಲ್ಲಿ. 1886ರಲ್ಲಿ ರೋಮ್ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡು ಇಗರ್ಜಿಗಳ ಅಧಿಕಾರ ಹಂಚಿಕೊಂಡವು. ಅದರಂತೆ ಈ ಕಡೆಯ ಜನ ಗೋವಾದ ಕೈಬಿಟ್ಟು ಮಂಗಳೂರಿನ ಅಧಿಕಾರಕ್ಕೆ ಸೇರಬೇಕಾಯಿತು. ಒಪ್ಪದ ಒಂದು ಗುಂಪು ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾ ಅವರ ಹಿಂದೆ ನಿಂತಿತು. ಗೋವಾದ ಪಾದ್ರಿ ಆಲ್ವಾರಿಸ್ 1889ರಲ್ಲಿ ಕೇರಳದ ಕೋಟ್ಟಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಓರ್ಥೊಡಾಕ್ಸ್ ಸಭೆಯ ಬಿಷಪ್ ಆಗಿ ಅವರಿಗೆ ಆಸರೆಯಾದರು. ನೊರೊನ್ಹಾ ತೀರಿಕೊಂಡದ್ದು 1936ರಲ್ಲಿ. ಅವರ ಸಮಾಧಿ ಇಲ್ಲೇ ಇದೆ, ನೋಡಿಕೊಳ್ಳುವವರೂ ಇದ್ದಾರೆ. ಮುಟ್ಟಿ ನಮಸ್ಕರಿಸಿ ಹೋಗುವವರನ್ನು ಕಂಡೆವು.

ಆಲ್ವಾರಿಸರ ಕೊನೆ ಹಾಗಾಗಲಿಲ್ಲ. ಅವರು ಪಣಜಿಯಲ್ಲಿ ಬಡವರಿಗೆ ಅನ್ನ ಹಾಕುತ್ತ, ಕಾಲರಾ ಬಂದಾಗ ಏನು ಮಾಡಬೇಕೆಂದು ಬರೆಯುತ್ತ, ಬರಗಾಲಕ್ಕೆ ಮರಗೆಣಸು ಬೆಳೆಯಿರೆಂದು ಊರೂರಿಗೆ ಹೇಳುತ್ತ ಬದುಕಿದವರು. ರೋಮನ್ ಸಭೆ ಅವರನ್ನು ಹೊರಹಾಕಿತ್ತು. 1923ರ ಸೆಪ್ಟೆಂಬರಿನಲ್ಲಿ ರಿಬಂದರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರಿಗೆ ಸಿಕ್ಕಿದ್ದು ಗೋವಾದ ರಾಜಧಾನಿ ಪಣಜಿಯ ಸಾಂತ ಇನೇಜ್ ಸ್ಮಶಾನದ ಒಂದು ಮೂಲೆ. ಇಗರ್ಜಿಯ ಯಾವ ವಿಧಿಯೂ ನಡೆಯಲಿಲ್ಲ. ಆದರೆ ಅವರನ್ನು ಕಳಿಸಿಕೊಡಲು ಪಣಜಿಯ ಜನಸಾಗರವೇ ನೆರೆದಿತ್ತು. ನಾಲ್ಕು ವರ್ಷದ ಮೇಲೆ ಅಭಿಮಾನಿಗಳು ಅಸ್ಥಿಯನ್ನು ತೆಗೆದು ಗೌರವದಿಂದ ಮತ್ತೆ ಇರಿಸಿದರು. ಈಗ ಅದು ರಿಬಂದರಿನ ಓರ್ಥೊಡಾಕ್ಸ್ ಇಗರ್ಜಿಯಲ್ಲಿದೆ. ಮಿಲಾಗ್ರಿಸ್‌ನ ದೆ ಕಾಸ್ತ್ರೊ ರೋಮಿನ ಕಡೆಯವರಾಗಿ ಪೋರ್ಚುಗೀಸರ ವಿರೋಧ ಕಟ್ಟಿಕೊಂಡರು. ಆಲ್ವಾರಿಸ್ ಗೋವಾದ ಕಡೆ ನಿಂತು ರೋಮಿಗೆ ಬೇಡವಾದರು. ಜಗಳ ಒಂದೇ, ನಡುವೆ ಎರಡು ಶತಮಾನ, ಎರಡು ಸಮಾಧಿ.

ಮಧ್ಯಾಹ್ನ ಬಾರ್ಕೂರು. ಆಳುಪರ ರಾಜಧಾನಿ, ಆಮೇಲೆ ವಿಜಯನಗರದ ಬಾರಕೂರು ರಾಜ್ಯದ ಕೇಂದ್ರ. ಕತ್ತಲೆ ಬಸದಿಯ ಆವರಣದಲ್ಲಿ ಶಾಸನಗಳೂ ವೀರಗಲ್ಲುಗಳೂ ಇವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಮಾಸ್ತಿಕಲ್ಲೆಂದರೆ ಕಂಬದಿಂದ ಹೊರಚಾಚಿ ಮೇಲಕ್ಕೆ ಮಡಿಚಿದ ಒಂದು ತೋಳು, ತೋಳಿನಲ್ಲಿ ಬಳೆ. ಅದರ ಮುಂದೆ ಕೈ ಮುಗಿಯಬೇಕೋ ತಲೆ ತಗ್ಗಿಸಬೇಕೋ ನನಗೆ ಯಾವತ್ತೂ ತಿಳಿದಿಲ್ಲ. ಬೆಂಕಿಗೆ ಹೋದವಳ ಹೆಸರನ್ನು ಕಲ್ಲು ಹೆಚ್ಚಾಗಿ ಹೇಳುವುದೂ ಇಲ್ಲ.

ಬಸದಿಯಿಂದ ಸ್ವಲ್ಪ ದೂರದಲ್ಲಿ, ಗದ್ದೆಯ ಅಂಚಿನ ತೋಡು ದಾಟಲು ಹಾಕಿದ್ದ ಕಲ್ಲೊಂದು ಗೆಳೆಯನ ಕಣ್ಣಿಗೆ ಬಿತ್ತು. ಬದಿಯಲ್ಲಿ ಕೆತ್ತನೆಯ ಗೆರೆ ಇತ್ತು. ಗದ್ದೆಯವರನ್ನು ಕೇಳಿದೆವು. ಅವರ ಅಜ್ಜನ ಕಾಲದಿಂದಲೂ ಅದು ಅಲ್ಲೇ ಇದೆಯಂತೆ. ನಾಲ್ಕು ಜನ ಸೇರಿ ಹಾರೆ ಹಾಕಿ ಮಗುಚಿದಾಗ ಕೆಸರಿನಡಿಯಿಂದ ಕುದುರೆಯ ಕಾಲು, ಖಡ್ಗ ಹಿಡಿದ ಕೈ ಬಂದವು. ಗದ್ದೆಯವರು ಬಾವಿಯಿಂದ ನೀರು ತಂದು ತಾವೇ ತೊಳೆದರು. ತೋಡಿಗೆ ಬೇರೆ ಹಲಗೆ ಹಾಕಿಕೊಳ್ಳುತ್ತೇವೆ, ಇದನ್ನು ಇನ್ನು ತುಳಿಯುವುದಿಲ್ಲ ಎಂದರು. ಕಲ್ಲಿನ ಅಳತೆ, ಫೋಟೊ, ಸಿಕ್ಕಿದ ಜಾಗದ ಗುರುತು ಎಲ್ಲ ಬರೆದು, ಇದನ್ನು ಬಸದಿಯ ಆವರಣದಲ್ಲಿ ನಿಲ್ಲಿಸಿಕೊಡಬೇಕೆಂದು ಅರ್ಜಿ ಮಾಡಿದೆವು. ಗದ್ದೆಯವರು ಮೊದಲು ಸಹಿ ಹಾಕಿದರು, ಆಮೇಲೆ ನಾವಿಬ್ಬರು. ಪಂಚಾಯತ್ ಕಚೇರಿ ಮುಚ್ಚುವ ಮೊದಲು ಅದನ್ನು ಕೊಟ್ಟು ಉಡುಪಿಯ ಬಸ್ಸು ಹಿಡಿದೆವು.